ಇನ್ನೊಬ್ಬಳ ಹೆಸರಿನಲ್ಲಿ

1966ರಲ್ಲಿ ದಕ್ಷಿಣ ಕೊರಿಯಾದ ಅನಾಥಾಲಯದಿಂದ ಎಂಟು ವರ್ಷದ ಹುಡುಗಿಯೊಬ್ಬಳು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ದತ್ತು ಹೋದಳು. ಪಾಸ್‌ಪೋರ್ಟಿನಲ್ಲಿದ್ದ ಹೆಸರು ಚಾ ಜಂಗ್ ಹೀ. ನಿಜವಾದದ್ದು ಕಾಂಗ್ ಓಕ್ ಜಿನ್. ಮೊದಲು ಗೊತ್ತುಮಾಡಿದ್ದ ಹುಡುಗಿಯನ್ನು ಅವಳ ತಂದೆ ಕರೆದೊಯ್ದಿದ್ದರಿಂದ, ಆ ಹೆಸರಿನಲ್ಲಿ ಇವಳನ್ನು ಕಳಿಸಿದ್ದರು. ಯಾರಿಗೂ ಹೇಳಬಾರದೆಂಬ ಅಪ್ಪಣೆ ಬೇರೆ! ಬಿಳಿಯರ ಮನೆಯಲ್ಲಿ ಅಕ್ಕರೆಗೇನೂ ಕೊರತೆಯಿರಲಿಲ್ಲ. ಕೊರಿಯನ್ ಮಾತು ಮಾತ್ರ ಮರೆತೇಹೋಯಿತು.

ಡೀಆನ್ ಬೋರ್ಶೇ ಲೀಮ್ ಎಂದು ಹೆಸರಾದ ಆಕೆ ಮುಂದೆ ಕ್ಯಾಮೆರಾ ಹಿಡಿದರು. 2000ದ 'ಫಸ್ಟ್ ಪರ್ಸನ್ ಪ್ಲೂರಲ್' ಸಾಕ್ಷ್ಯಚಿತ್ರಕ್ಕಾಗಿ ಸಾಕಿದವರನ್ನು ಕೊರಿಯಾಕ್ಕೇ ಕರೆದೊಯ್ದು, ಹೆತ್ತ ತಾಯಿಯ ಎದುರು ಕೂರಿಸಿದರು. ತಾಯಿ ಮಗಳ ನಡುವೆ ದುಭಾಷಿ! ಇದಕ್ಕಿಂತ ಸಂಕಟ ಯಾವುದು? 2010ರ ಚಿತ್ರದಲ್ಲಿ, ತಾನು ಹೆಸರು ಹೊತ್ತು ಬಂದ ಆ ಇನ್ನೊಬ್ಬಳನ್ನೇ ಹುಡುಕಿ ಹೊರಟರು. ಚಾ ಜಂಗ್ ಹೀ ಎಂಬ ಹೆಸರಿನ ಹೆಂಗಸರು ಒಬ್ಬರಲ್ಲ, ಹಲವರು ಸಿಕ್ಕಿದರು.