ನಮಗೆ ಇಷ್ಟವಾಗಿದ್ದು ಶಕ್ತಿಮಾನನೋ, ಗಂಗಾಧರನೋ?

ಗೆಳೆಯರೇ, ಇವತ್ತು ರಾಜರ ಕಥೆ, ವೀರಗಲ್ಲು, ಶಾಸನ ಯಾವುದೂ ಬೇಡ. ನಮ್ಮ ವಯಸ್ಸಿನವರು ಕಣ್ಣಾರೆ ಕಂಡು, ಬಾಯ್ತುಂಬ ಜಗಳವಾಡಿದ ಒಂದು ಇತಿಹಾಸ ನೋಡೋಣ.

"ಶಕ್ತಿಮಾನ್" ಧಾರಾವಾಹಿ ದೂರದರ್ಶನದಲ್ಲಿ ಶುರುವಾಗಿದ್ದು 1997ರ ಸೆಪ್ಟೆಂಬರ್ ತಿಂಗಳಲ್ಲಿ, ಮುಗಿದಿದ್ದು 2005ರ ಮಾರ್ಚ್‌ನಲ್ಲಿ. ಏಳೂವರೆ ವರ್ಷ, ನಾಲ್ಕುನೂರಕ್ಕೂ ಹೆಚ್ಚು ಕಂತುಗಳು! ಲೆಕ್ಕ ಹಾಕಿ ನೋಡಿ. ಆ ವರ್ಷ ಒಂದನೇ ತರಗತಿಗೆ ಸೇರಿದ ಹುಡುಗ ಎಂಟನೇ ತರಗತಿ ಪರೀಕ್ಷೆ ಬರೆಯುವ ಹೊತ್ತಿಗೆ ಶಕ್ತಿಮಾನ್ ಮುಗಿಯಿತು. ಒಂದು ತಲೆಮಾರಿನ ಬಾಲ್ಯ ಪೂರ್ತಿ ಅದರ ಜೊತೆಗೇ ಕಳೆಯಿತು ಅಂದರೆ ತಪ್ಪಲ್ಲ.

ಇದರಲ್ಲಿ ಇತಿಹಾಸ ಏನು ಬಂತು ಅಂತೀರಾ? ಹೇಳ್ತೀನಿ ಕೇಳಿ.

ಹೊಸೂರಿನ ಮಗ್ಗುಲಲ್ಲೇ ಇರುವ ಆಲಸನತ್ತಂ ಮತ್ತು ಸುತ್ತಲಿನ ಊರುಗಳಲ್ಲಿ ಮನೆಮಾತು ಕನ್ನಡ ಅಥವಾ ತೆಲುಗು. ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ತಮಿಳು. 1968ರಲ್ಲಿ ತಮಿಳುನಾಡು ಎರಡು ಭಾಷೆಗಳ ನೀತಿ ತಂದ ಮೇಲೆ ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಹಿಂದಿ ಪಾಠ ಇಲ್ಲ. ಶಕ್ತಿಮಾನ್ ಮಾತಾಡುತ್ತಿದ್ದದ್ದು ಹಿಂದಿ. ಹಾಗಿದ್ದೂ ಭಾನುವಾರ ಮಧ್ಯಾಹ್ನ ಟಿವಿ ಇದ್ದ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಒಳಗೆ ಜಾಗ ಸಿಗದವರು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಹಿಂದಿ ಒಂದಕ್ಷರ ಬಾರದ ಮಕ್ಕಳು ಸೋಮವಾರ ಶಾಲೆಗೆ ಬಂದು ಕಥೆ ಪೂರ್ತಿ ಕನ್ನಡದಲ್ಲಿ ಹೇಳುತ್ತಿದ್ದರು. ಇಬ್ಬರು ಹೇಳಿದರೆ ಎರಡು ಕಥೆ! ಅಲ್ಲಿಂದಲೇ ವಾದ ಶುರು.

ವಾದ ಏನು ಗೊತ್ತೇ? ಇದು ವಿಜ್ಞಾನದ ಕಥೆಯೋ, ಪುರಾಣದ ಕಥೆಯೋ ಅಂತ.

ವಿಜ್ಞಾನ ಅನ್ನುವವರ ಕೈಯಲ್ಲಿ ಡಾಕ್ಟರ್ ಜಾಕಾಲ್ ಇದ್ದ. ಪ್ರಯೋಗಶಾಲೆ, ಬಣ್ಣದ ದ್ರವ ತುಂಬಿದ ಗಾಜಿನ ಪಾತ್ರೆ, ದೀಪ ಮಿನುಗುವ ಯಂತ್ರ ಎಲ್ಲ ಅವನವು. ಪುರಾಣ ಅನ್ನುವವರ ವಾದ ಇನ್ನೂ ಗಟ್ಟಿ. ಶಕ್ತಿಮಾನನ ಬಲ ಬಂದಿದ್ದು ಯೋಗ, ಧ್ಯಾನ ಮತ್ತು ಪಂಚಭೂತಗಳಿಂದ. ಅವನ ವೈರಿ ಕಿಲ್ವಿಷ್ ಕತ್ತಲೆಯ ಒಡೆಯ. ನಮ್ಮ ಬಯಲಾಟದ ರಕ್ಕಸನಿಗೆ ಟಿವಿ ವೇಷ ಹಾಕಿಸಿದ ಹಾಗೆ. ಶಕ್ತಿಮಾನ್ ಪಾತ್ರ ಮಾಡಿದ ಮುಖೇಶ್ ಖನ್ನಾ ಅವರೇ ಬಿ.ಆರ್. ಚೋಪ್ರಾ ಅವರ "ಮಹಾಭಾರತ"ದಲ್ಲಿ ಭೀಷ್ಮರಾಗಿದ್ದವರು. ಭೀಷ್ಮ ಬಟ್ಟೆ ಬದಲಾಯಿಸಿಕೊಂಡು ಬಂದಿದ್ದಾನೆ ಅಂತ ನಮ್ಮಲ್ಲಿ ತಮಾಷೆ ಮಾಡುವವರಿದ್ದರು. ಕಥೆಯ ಕಟ್ಟು ಹಳೆಯದಾಗಿದ್ದಕ್ಕೇ ಭಾಷೆ ಬಾರದಿದ್ದರೂ ಅರ್ಥವಾಗುತ್ತಿತ್ತು. ಕೂಚಿಪುಡಿ ನೋಡಲು ತೆಲುಗು ಪಂಡಿತನಾಗಬೇಕೇ?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. ಕಥೆ ವಿಜ್ಞಾನದ್ದೋ ಪುರಾಣದ್ದೋ ಅಂತ ಜಗಳವಾಡುತ್ತಿದ್ದ ಮಕ್ಕಳ ಎದುರಿಗಿದ್ದ ಟಿವಿಯೇ ಒಂದು ವಿಜ್ಞಾನ ಕಥೆಯ ಫಲ. ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಸುದ್ದಿ ಕಳಿಸಬಹುದು ಎಂದು 1945ರಲ್ಲಿ ಲೇಖನ ಬರೆದವರು ಆರ್ಥರ್ ಸಿ. ಕ್ಲಾರ್ಕ್, ಮುಂದೆ ಹೆಸರಾಂತ ವಿಜ್ಞಾನ ಕಥೆಗಾರರಾದವರು. ಮೂವತ್ತು ವರ್ಷದ ನಂತರ, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಇಸ್ರೋ ಅಂಥದೇ ಒಂದು ಅಮೆರಿಕನ್ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿತು. ಅವುಗಳಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು. ಮುಂದೆ ಇನ್ಸಾಟ್ ಉಪಗ್ರಹಗಳು ಬಂದವು. ಅವುಗಳನ್ನು ನೋಡಿಕೊಳ್ಳುವ ಕೇಂದ್ರ ಬಂದಿದ್ದು ಹಾಸನಕ್ಕೆ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಯಿತು. ಹೊಸೂರಿನಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 40 ಕಿಲೋಮೀಟರ್. ರಾಜ್ಯದ ಗಡಿ ಬಸ್ಸಿಗುಂಟು, ಅಲೆಗಳಿಗೆಲ್ಲಿದೆ? ಆಂಟೆನಾ ಬೆಂಗಳೂರಿನ ಕಡೆ ತಿರುಗಿಸಿದರೆ ಮನೆಯೊಳಗೆ ಕನ್ನಡ ಬರುತ್ತಿತ್ತು.

ಹಾಗಂತ ಟಿವಿಯಲ್ಲಿ ಬಂದ ವಿಜ್ಞಾನ ಕಥೆಗಳಲ್ಲಿ ಶಕ್ತಿಮಾನ್ ಮೊದಲನೆಯದೇನಲ್ಲ. 1980ರ ದಶಕದಲ್ಲೇ ದೂರದರ್ಶನ ಅಮೆರಿಕದ "ಸ್ಟಾರ್ ಟ್ರೆಕ್" ತೋರಿಸಿತ್ತು. 1989ರಲ್ಲಿ ಮಕ್ಕಳಿಗಾಗಿ "ಇಂದ್ರಧನುಷ್" ಬಂತು. ಅದರಲ್ಲಿ ನಮ್ಮ ಗಿರೀಶ ಕಾರ್ನಾಡರೂ ಇದ್ದರು. 1998ರಲ್ಲಿ ಕೇತನ್ ಮೆಹ್ತಾ ಅವರ "ಕ್ಯಾಪ್ಟನ್ ವ್ಯೋಮ್" ಬಂತು. ಅದು ಅಪ್ಪಟ ವಿಜ್ಞಾನ ಕಥೆ. ಆಕಾಶನೌಕೆ, ಬೇರೆ ಗ್ರಹಗಳು, ಇನ್ನೂ ನೂರಕ್ಕೂ ಹೆಚ್ಚು ವರ್ಷ ಮುಂದಿನ ಕಾಲ, ಏನುಂಟು ಏನಿಲ್ಲ! ವ್ಯೋಮ್ ಪಕ್ಷದ ಹುಡುಗರು ಕಡಿಮೆ ಇದ್ದರೂ ಜೋರಾಗಿದ್ದರು. "ನಿಮ್ಮ ಶಕ್ತಿಮಾನ್ ಬುಗುರಿ ಥರ ಗಿರಗಿರ ತಿರುಗೋದು ಬಿಟ್ರೆ ಇನ್ನೇನ್ ಮಾಡ್ತಾನೆ?" ಅನ್ನುತ್ತಿದ್ದರು. ಮಾತು ಸರಿಯೇ. ಆದರೆ ವ್ಯೋಮ್ ಬೇಗ ಮುಗಿದುಹೋದ, ಬುಗುರಿ ಏಳೂವರೆ ವರ್ಷ ತಿರುಗಿತು. ಯಾಕೆ?

ಯಂತ್ರ, ಯೋಗ ಎರಡಕ್ಕೂ ಹೊರತಾದ ಇನ್ನೊಬ್ಬನಿದ್ದ. ಅವನೇ ಗಂಗಾಧರ. ದೊಡ್ಡ ಕನ್ನಡಕ, ಎಣ್ಣೆ ಹಚ್ಚಿ ಬಾಚಿದ ತಲೆ, ಮುಂದೆ ಚಾಚಿದ ಹಲ್ಲು, ತಡವರಿಸುವ ನಡೆ. ಒಂದು ಪತ್ರಿಕೆಯಲ್ಲಿ ಫೋಟೋ ತೆಗೆಯುವ ಕೆಲಸ. ಊರೆಲ್ಲ ನಗುತ್ತದೆ, ಅವನೂ ಜೊತೆಗೆ ನಗುತ್ತಾನೆ. ಶಕ್ತಿಮಾನನೇ ಇವನು ಅಂತ ನಗುವವರಿಗೆ ಗೊತ್ತಿಲ್ಲ. ನೋಡುವ ಮಕ್ಕಳಿಗೆ ಗೊತ್ತು. ಈ ಗುಟ್ಟಿನ ಸುಖವೇ ಸುಖ. ಕ್ಯಾಪ್ಟನ್ ವ್ಯೋಮ್ ಎದ್ದಾಗಲೂ ಮಲಗಿದಾಗಲೂ ವೀರನೇ. ಅವನಲ್ಲಿ ನಮಗೆ ಜಾಗವಿರಲಿಲ್ಲ.

ನಮ್ಮ ಮಕ್ಕಳಿಗೆ ಗಂಗಾಧರ ಹತ್ತಿರದವನಾಗಲು ಇನ್ನೊಂದು ಕಾರಣವಿದೆ. ಗಡಿಯಾಚೆ ಕನ್ನಡ ಶಾಲೆಯಲ್ಲಿ ಓದುವ ಹುಡುಗ ಬೆಂಗಳೂರಿಗೆ ನೆಂಟರ ಮನೆಗೆ ಹೋದರೆ "ನಿನ್ನ ಕನ್ನಡದಲ್ಲಿ ತಮಿಳು ವಾಸನೆ" ಅನ್ನುತ್ತಾರೆ. ಕೃಷ್ಣಗಿರಿಗೆ ಹೋದರೆ "ನಿನ್ನ ತಮಿಳು ಸರಿಯಿಲ್ಲ" ಅನ್ನುತ್ತಾರೆ. ಎರಡೂ ಕಡೆ ನಗುವವರೇ. ಅಂಥ ಹುಡುಗನಿಗೆ ಗಂಗಾಧರ ಏನು ಹೇಳುತ್ತಿದ್ದ ಅನ್ನಲು ಹಿಂದಿ ಬೇಕಿರಲಿಲ್ಲ. ನಗುವವರು ನಗಲಿ, ನಿನ್ನೊಳಗೆ ಇರುವುದು ಅವರಿಗೆ ಕಾಣುತ್ತಿಲ್ಲ, ಅಷ್ಟೇ. ವರ್ಷಗಟ್ಟಲೆ ನಡೆದ ಆ ವಾದದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಉತ್ತರ ಇದೇ ಅಂತ ನನ್ನ ನಂಬಿಕೆ.

ಆದರೆ ಮೇಷ್ಟರಾದವನು ಮೆಚ್ಚಿಕೊಂಡು ಸುಮ್ಮನಿರುವ ಹಾಗಿಲ್ಲ. ಎರಡು ಮಾತು ನನ್ನನ್ನು ಚುಚ್ಚುತ್ತವೆ.

ಒಂದು, ಶಕ್ತಿಮಾನ್ ಬಂದು ಕಾಪಾಡುತ್ತಾನೆ ಎಂದು ನಂಬಿ ಮಕ್ಕಳು ಅಪಾಯಕ್ಕೆ ಬಿದ್ದರೆಂದು ಆಗ ಪತ್ರಿಕೆಗಳಲ್ಲಿ ವರದಿಗಳು ಬಂದವು. ಮುಖೇಶ್ ಖನ್ನಾ ಅವುಗಳನ್ನು ಅಲ್ಲಗಳೆದರು. ಆದರೂ ನನ್ನ ಹಾಗೆ ಮಾಡಲು ಹೋಗಬೇಡಿ ಎಂದು ಪರದೆಯ ಮೇಲೆ ತಾವೇ ನಿಂತು ಮಕ್ಕಳಿಗೆ ಬುದ್ಧಿ ಹೇಳಿದರು. ಆ ಬುದ್ಧಿಮಾತೂ ಹಿಂದಿಯಲ್ಲೇ ಇತ್ತು! ಹಾರುವುದು ಎಲ್ಲ ಭಾಷೆಯವರಿಗೂ ಅರ್ಥವಾಗುತ್ತದೆ, ಹಾರಬೇಡ ಅನ್ನುವುದಕ್ಕೆ ಭಾಷೆ ಬೇಕು. ನಮ್ಮಲ್ಲಿ ಆ ಕೆಲಸ ಅಮ್ಮಂದಿರ, ಮೇಷ್ಟರ ಪಾಲಿಗೆ ಬಂತು.

ಎರಡು, ಕಥೆಯಲ್ಲಿ ಪ್ರಯೋಗಶಾಲೆ ಇದ್ದದ್ದು ಕೆಟ್ಟವರ ಕಡೆ. ವಿಜ್ಞಾನಿ ಅಂದರೆ ಡಾಕ್ಟರ್ ಜಾಕಾಲ್, ಒಳ್ಳೆಯವನು ಅಂದರೆ ಧ್ಯಾನದಲ್ಲಿ ಕೂತವನು. ಏಳೂವರೆ ವರ್ಷ ಇದನ್ನೇ ನೋಡಿದ ಮಗುವಿಗೆ ನಾವು ಲಿಟ್ಮಸ್ ಕಾಗದ ಕೊಟ್ಟು "ವಿಜ್ಞಾನ ಒಳ್ಳೆಯದು" ಅನ್ನಬೇಕು! ಇಲ್ಲಿ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. (ಅವರ ಊರೂ ಹೊಸೂರೇ. ಆದರೆ ಅದು ಗೌರಿಬಿದನೂರು ತಾಲ್ಲೂಕಿನ ಹೊಸೂರು, ನಮ್ಮದಲ್ಲ.) 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಅವರು ಕಲಿಸಿದ್ದು ಪ್ರಶ್ನೆ ಕೇಳುವುದನ್ನು. ಹಾಗೆ ನೋಡಿದರೆ "ಬುಗುರಿ ಥರ ತಿರುಗಿದರೆ ತಲೆ ಸುತ್ತುವುದಿಲ್ಲವೇ?" ಅಂತ ಕೇಳಿದ ಹುಡುಗ ನರಸಿಂಹಯ್ಯನವರ ಶಿಷ್ಯನೇ. ಆ ಪ್ರಶ್ನೆ ಹಿಡಿದು ಒಂದು ಪೂರ್ತಿ ಪಾಠ ಮಾಡಬಹುದು.

ಅಭಿಮಾನಿಗಳ ವಾದದಿಂದ ಏನಾಗುತ್ತದೆ ಅಂತ ಹಗುರ ಮಾಡಬೇಡಿ. 1966ರಲ್ಲಿ ಶುರುವಾದ ಸ್ಟಾರ್ ಟ್ರೆಕ್ ನಿಂತೇಹೋಗುತ್ತದೆ ಅನ್ನುವಾಗ ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದರು, ಮೂರನೇ ವರ್ಷವೂ ಅದು ನಡೆಯಿತು. 1976ರಲ್ಲಿ ನಾಸಾ ತನ್ನ ಮೊದಲ ಶಟಲ್‌ಗೆ "ಎಂಟರ್‌ಪ್ರೈಸ್" ಎಂದು ಆ ಧಾರಾವಾಹಿಯ ನೌಕೆಯ ಹೆಸರಿಟ್ಟಿದ್ದೂ ಅಭಿಮಾನಿಗಳ ಪತ್ರಗಳಿಂದಲೇ. ಅದರಲ್ಲಿ ಉಹುರಾ ಎಂಬ ಕಪ್ಪು ಅಧಿಕಾರಿಣಿಯ ಪಾತ್ರವಿತ್ತು. ಅದನ್ನು ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಕಪ್ಪು ಮಹಿಳೆಯಾದರು. ನೌಕೆಯೊಳಗೆ ತನ್ನಂಥವಳೊಬ್ಬಳನ್ನು ಕಂಡ ಹುಡುಗಿ, ಗಂಗಾಧರನಲ್ಲಿ ತನ್ನನ್ನು ಕಂಡ ನಮ್ಮ ಹುಡುಗ, ಹಸಿವು ಒಂದೇ. ವ್ಯತ್ಯಾಸ ಏನೆಂದರೆ, ಆಕೆಗೆ ಆ ಧಾರಾವಾಹಿ ಪ್ರಯೋಗಶಾಲೆಯ ಬಾಗಿಲನ್ನೂ ತೆರೆದು ತೋರಿಸಿತು. ನಮ್ಮ ಹುಡುಗನಿಗೆ ಆ ಬಾಗಿಲು ತೆರೆಯುವ ಕೆಲಸ ಶಾಲೆಗೇ ಉಳಿಯಿತು.

ತಮಾಷೆ ನೋಡಿ, ತಮಿಳುನಾಡು ಸರ್ಕಾರ ಉಚಿತ ಬಣ್ಣದ ಟಿವಿ ಕೊಡಲು ಶುರುಮಾಡಿದ್ದು 2006ರಲ್ಲಿ. ಮನೆಗೆ ಟಿವಿ ಬರುವ ಹೊತ್ತಿಗೆ ಶಕ್ತಿಮಾನ್ ಮುಗಿದು ಒಂದು ವರ್ಷ ಕಳೆದಿತ್ತು! 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ಅದನ್ನು ಮತ್ತೆ ತೋರಿಸಿತು. ಮೊಬೈಲಿನಲ್ಲಿ ಹಾಲಿವುಡ್ ನೋಡಿದ ಇಂದಿನ ಮಕ್ಕಳು ಹಾರಾಟ ನೋಡಿ ನಕ್ಕರು. ಗಂಗಾಧರ ಬಂದಾಗಲೂ ನಕ್ಕರು, ಆದರೆ ಆ ನಗು ಬೇರೆ. ತಮ್ಮವನನ್ನು ಕಂಡ ನಗು.

ನಿಮ್ಮೂರಲ್ಲಿ ಈ ವಾದ ಹೇಗಿತ್ತು? ನೀವು ಯಾರ ಪಕ್ಷ? ತಿಳಿಸಿ. ವ್ಯೋಮ್ ಪಕ್ಷದವರೂ ಧೈರ್ಯವಾಗಿ ಬರೆಯಬಹುದು, ಯಾರೂ ಗಿರಗಿರ ತಿರುಗಿಕೊಂಡು ನಿಮ್ಮ ಮನೆಗೆ ಬರುವುದಿಲ್ಲ.