ಅರ್ಧಕ್ಕೆ ನಿಂತ ಮೊಕದ್ದಮೆ

ಕನ್ನಡ ಕಿರುತೆರೆಯಲ್ಲಿ ಕರಿಕೋಟಿಗೆ ಗೌರವ ತಂದುಕೊಟ್ಟವರು ಶ್ರೀ ಟಿ. ಎನ್. ಸೀತಾರಾಂ ಎಂಬುದರಲ್ಲಿ ಎರಡು ಮಾತಿಲ್ಲ. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ದಿಂದ ಅವರ ಹೆಸರು ಮನೆಮಾತಾಯಿತು. ಆಮೇಲೆ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ ಬಂದವು. ಸ್ವತಃ ಕಾನೂನು ಓದಿದ ಅವರು ಸಿ.ಎಸ್.ಪಿ. ಎಂಬ ವಕೀಲರ ಪಾತ್ರವನ್ನು ತಾವೇ ವಹಿಸಿದರು. ಸಾಕ್ಷಿ, ಪಾಟೀಸವಾಲು, ಜಾಮೀನು, ತೀರ್ಪು ಎಂಬ ಮಾತುಗಳು ಊಟದ ಹೊತ್ತಿಗೆ ನಮ್ಮ ಮನೆಗಳೊಳಗೆ ಬಂದವು. ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲೇ ನಡೆಯುವ ನಾಡಿನಲ್ಲಿ, ನ್ಯಾಯದ ವಾದವನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಕೇಳಿಸಿದ್ದು ಸಣ್ಣ ಸೇವೆಯಲ್ಲ.

2018ರಲ್ಲಿ ‘ಮಗಳು ಜಾನಕಿ’ ಆರಂಭವಾದಾಗ ಸಿ.ಎಸ್.ಪಿ. ಮತ್ತೆ ಬಂದರು. ಆದರೆ 2020ರ ಕೊರೋನಾ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತಿತು, ಧಾರಾವಾಹಿಯೂ ಅಲ್ಲಿಗೇ ನಿಂತುಹೋಯಿತು. ಕಥೆ ದಡ ಸೇರಲಿಲ್ಲ.

ಇಂಥ ಅಲ್ಪಾಯುಷ್ಯ ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2010ರಲ್ಲಿ ‘ದಿ ಡಿಫೆಂಡರ್ಸ್’ ಎಂಬ ಧಾರಾವಾಹಿ ಬಂತು. ಲಾಸ್ ವೇಗಸ್ ನಗರದ ಇಬ್ಬರು ಆರೋಪಿಪರ ವಕೀಲರು. ಒಬ್ಬರದು ಏರಿಗೆ, ಇನ್ನೊಬ್ಬರದು ನೀರಿಗೆ. 18 ಕಂತುಗಳಾಗಿ 2011ರಲ್ಲಿ ಮುಗಿಯಿತು. ಅದೇ ಹೆಸರಿನ ಹಳೆಯ ಧಾರಾವಾಹಿ, ತಂದೆ-ಮಗ ವಕೀಲರ ಕಥೆ, 1961ರಿಂದ 1965ರವರೆಗೆ ನಡೆದಿತ್ತು. ಇವೆಲ್ಲ ಬೇರೆ ಬೇರೆ ರೀತಿಯಲ್ಲಿ ಕೇಳಿದ ಪ್ರಶ್ನೆ ಒಂದೇ: ಊರೆಲ್ಲ ಬೆರಳು ತೋರಿಸುವವನ ಪರವಾಗಿ ನಿಲ್ಲುವವರು ಯಾರು?

ವೈದ್ಯರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಎಮರ್ಜೆನ್ಸಿಗೆ ಬಂದವನ ನಡತೆ ವಿಚಾರಿಸಿ ನಾವು ಚಿಕಿತ್ಸೆ ಕೊಡುವುದಿಲ್ಲ. ಮೊದಲು ನಾಡಿ ಹಿಡಿಯುತ್ತೇವೆ. ವಕೀಲರ ಧರ್ಮವೂ ಅಂಥದೇ. ಆದರೂ ಸಂಘದ ಕಾರ್ಯಕ್ರಮಕ್ಕೆ ಪ್ರತಿವರ್ಷ ಬರುತ್ತಿದ್ದ ಕುಟುಂಬವೊಂದರ ಯಜಮಾನರ ಮೇಲೆ ಚೆಕ್ಕಿನ ಕೇಸು ಬಿದ್ದಿತೆಂದು ಕೇಳಿದೊಡನೆ, ಫೋನು ಮಾಡುವವರ ಸಂಖ್ಯೆ ಇಳಿಯುತ್ತದೆ. ತೀರ್ಪು ಬರುವ ಮೊದಲೇ ನಮ್ಮ ಚಹಾಕೂಟಗಳು ತೀರ್ಪು ಕೊಟ್ಟುಬಿಡುತ್ತವೆ.

ಈ ದೇಶದ ಸಂವಿಧಾನದ 28ನೆಯ ವಿಧಿ, ಆರೋಪ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ ಎನ್ನುತ್ತದೆ. ತನ್ನ ಪರ ವಾದಿಸುವವರನ್ನು ನೇಮಿಸಿಕೊಳ್ಳುವ ಹಕ್ಕನ್ನೂ ಕೊಡುತ್ತದೆ. ಖಾತೆಯಲ್ಲಿ ಹಣ ಸಾಲದೆ ಚೆಕ್ಕು ವಾಪಸಾದ ಮಾತ್ರಕ್ಕೆ ಅದು ಸಾಮಾನ್ಯವಾಗಿ ಅಪರಾಧವಲ್ಲವೆಂಬ ಬದಲಾವಣೆ 2022ರ ಜನವರಿಯಿಂದ ಜಾರಿಗೆ ಬಂದಿದೆ. ವಂಚನೆಯಂಥ ಪ್ರಕರಣಗಳಿಗೆ ಈ ವಿನಾಯಿತಿ ಇಲ್ಲ, ಬಾಕಿ ವಸೂಲಿಯೂ ತಪ್ಪುವುದಿಲ್ಲ. ನ್ಯಾಯಾಲಯಗಳ ಮುಖ್ಯ ಭಾಷೆ ಅರಬ್ಬಿ. ಅಬುಧಾಬಿಯಲ್ಲಿ 2019ರಲ್ಲಿ ಅರಬ್ಬಿ, ಇಂಗ್ಲಿಷ್ ಜೊತೆಗೆ ಹಿಂದಿಯನ್ನೂ ಸೇರಿಸಿ ಕಾರ್ಮಿಕರ ದೂರು ಅರ್ಜಿಗಳಿಗೆ ಅನುಕೂಲ ಮಾಡಿದರು. ಕನ್ನಡ ಮಾತ್ರ ಬಲ್ಲ ನಮ್ಮ ಕಾರ್ಮಿಕ ಬಂಧುವಿಗೆ ಇವು ಮೂರೂ ಪರಭಾಷೆಗಳೇ.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಅರ್ಥವಾಗದ ಕಾಗದಕ್ಕೆ ಯಾರೂ ರುಜು ಹಾಕಬೇಡಿ, ಓದಿಸಿ ತಿಳಿದುಕೊಳ್ಳಿ. ಕಷ್ಟ ಬಂದಾಗ ವಕೀಲರನ್ನು ಕಾಣಲು ನಾಚಬೇಡಿ. ಜ್ವರ ಏರುವವರೆಗೆ ಕಾದು ಬರುವ ರೋಗಿಯಂತಾಗಬೇಡಿ. ಕೇಸಿನಲ್ಲಿ ಸಿಕ್ಕಿದ ಮನೆಯ ಬಾಗಿಲು ತಟ್ಟಿ, ಮಕ್ಕಳ ಶಾಲೆ, ಊಟದ ವಿಚಾರ ಕೇಳಿ. ಧಾರಾವಾಹಿಯ ಮೊಕದ್ದಮೆ ಅರ್ಧಕ್ಕೆ ನಿಂತರೆ ಬೇಸರವಷ್ಟೇ. ನೆರೆಮನೆಯವರ ಮೊಕದ್ದಮೆಯಲ್ಲಿ ನಾವು ಅರ್ಧದಲ್ಲಿ ಎದ್ದುಹೋಗುವುದು ಬೇಡ.