ಗಡಿಯೂರಿನ ಬೀದಿನಾಯಿ ಮತ್ತು ದನದ ಆಸ್ಪತ್ರೆ

ಆತಕೂರಿನ ಶಾಸನದ ಹೆಸರನ್ನು ನಮ್ಮ ಓದುಗರಲ್ಲಿ ಅನೇಕರು ಕೇಳಿರಬಹುದು. ಮಂಡ್ಯ ಜಿಲ್ಲೆಯ ಆ ಊರಿನಲ್ಲಿ ಕ್ರಿ.ಶ. 950ರ ಸುಮಾರಿಗೆ ನಾಯಿಯೊಂದರ ನೆನಪಿಗಾಗಿ ಕಲ್ಲು ನಿಲ್ಲಿಸಿದರು. ಗಂಗರ ಬೂತುಗನಿಂದ ಮಣಲೇರನೆಂಬ ವೀರನು ಕೇಳಿ ಪಡೆದ ‘ಕಾಳಿ’ ಎಂಬ ಬೇಟೆನಾಯಿ ಅದು. ಕಾಡುಹಂದಿಯೊಡನೆ ಕಾದಾಡಿ ಎರಡೂ ಸತ್ತವು. ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಈಗ ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇತ್ತ ಪರಶ್ಶಿನಿಕಡವಿನ ಮುತ್ತಪ್ಪನ ಸನ್ನಿಧಿಯಲ್ಲಿ ನಾಯಿಗೆ ಸಲ್ಲುವ ಗೌರವವನ್ನು ನಮ್ಮ ಮಲಯಾಳಿ ಬಂಧುಗಳಿಗೆ ನಾನು ವಿವರಿಸಬೇಕಾಗಿಲ್ಲ.

ಆದರೆ ಕಾಳಿಗೆ ಒಡೆಯನಿದ್ದ, ಮುತ್ತಪ್ಪನ ನಾಯಿಗೆ ದೇವರಿದ್ದಾನೆ. ಒಡೆಯನೂ ಇಲ್ಲದ, ದೇವರೂ ಇಲ್ಲದ ಬೀದಿನಾಯಿಗೆ ಕಾಯಿಲೆ ಬಂದರೆ ಮದ್ದಿನ ಖರ್ಚು ಯಾರ ಖಾತೆಗೆ? ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನಿಗೆ ಮೊದಲು ಹೊಳೆಯುವ ಪ್ರಶ್ನೆ ಇದೇ. ಇದರ ಚರಿತ್ರೆಯನ್ನು ನೋಡಲು ನಮ್ಮಂಥದೇ ಇನ್ನೊಂದು ಗಡಿನಾಡನ್ನು ಆರಿಸಿಕೊಂಡಿದ್ದೇನೆ: ಆಂಧ್ರದ ಹಿಂದೂಪುರ ಮತ್ತು ಕಲ್ಯಾಣದುರ್ಗ.

ನಮಗೆ 1956 ಹೇಗೋ ಅಲ್ಲಿಯ ಕನ್ನಡಿಗರಿಗೆ 1953 ಹಾಗೆ. ಆ ವರ್ಷದ ಅಕ್ಟೋಬರ್ 1ರಂದು ಮದರಾಸು ರಾಜ್ಯದಿಂದ ಆಂಧ್ರ ಬೇರೆಯಾದಾಗ ಅನಂತಪುರ ಜಿಲ್ಲೆ ಇಡಿಯಾಗಿ ಅತ್ತ ಹೋಯಿತು. ಲೇಪಾಕ್ಷಿಯ ಕನ್ನಡ ಶಾಸನಗಳೂ, ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯೂ ಅದರೊಳಗೇ ಇದ್ದವು. ಹಿಂದೂಪುರದಿಂದ ದಕ್ಷಿಣಕ್ಕೆ ಹೊರಟರೆ ಗೌರಿಬಿದನೂರು. ಕಲ್ಯಾಣದುರ್ಗದ ಪಕ್ಕದ ಪಾವಗಡವಂತೂ ಬಹುಪಾಲು ಸುತ್ತಲೂ ಆಂಧ್ರವಿದ್ದು ನಡುವೆ ಸಿಕ್ಕಿಕೊಂಡ ಕರ್ನಾಟಕ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಯನ್ನು ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಕುರಿಮಂದೆಯ ಹಿಂದೆ ಹೋಗುವ ನಾಯಿಗೆ ಇದೊಂದೂ ತಿಳಿಯದು. ಮೇವು ಎಲ್ಲಿದೆಯೋ ಅಲ್ಲಿಗೆ ಮಂದೆ, ಮಂದೆ ಎಲ್ಲಿದೆಯೋ ಅಲ್ಲಿಗೆ ನಾಯಿ.

ನಾಯಿಯ ವಿಷಯದಲ್ಲಿ ವೈದ್ಯಶಾಸ್ತ್ರ ಇತ್ತ ತಲೆಹಾಕಿದ್ದು ನಾಯಿಗಾಗಿ ಅಲ್ಲ, ಅದು ಕಚ್ಚಿದ ಮನುಷ್ಯನಿಗಾಗಿ. 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ದಕ್ಷಿಣದವರು ಅಲ್ಲಿಗೆ ಮುಟ್ಟುವುದೆಂತು! 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತದ ಸಂಸ್ಥೆ ತೆರೆದ ಮೇಲೆ ಹುಚ್ಚುನಾಯಿ ಕಚ್ಚಿದವರು ರೈಲು ಹತ್ತಿ ಬೆಟ್ಟಕ್ಕೆ ಹೋಗುವಂತಾಯಿತು. ಹೋಗಿಬರುವ ಖರ್ಚಿದ್ದವರ ಮಾತು ಇದು. ಕೆಲವೇ ವರ್ಷಗಳಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಪ್ರಾಣಿಯ ಮೆದುಳಿನಿಂದ ತಯಾರಿಸಿದ ಲಸಿಕೆಯನ್ನು ದೂರದ ಆಸ್ಪತ್ರೆಗಳಿಗೂ ಕಳಿಸಬಹುದಾಗಿತ್ತು. ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿ ಎಂದು ನಮ್ಮ ತಲೆಮಾರಿನ ಮಕ್ಕಳನ್ನು ಹೆದರಿಸುತ್ತಿದ್ದುದು ಇದನ್ನೇ. ಅದು ನಿಂತದ್ದು 2004ರ ಕೊನೆಗೆ.

ನಾಯಿಯ ಪಾಲಿಗೆ ಮಾತ್ರ ಅಷ್ಟು ಕಾಲವೂ ಒಂದೇ ಚಿಕಿತ್ಸೆ, ಕೊಲ್ಲುವುದು. ಮದರಾಸಿನಲ್ಲಿ ನೂರು ವರ್ಷಕ್ಕೂ ಮಿಕ್ಕಿ ಕೊಂದರೂ ನಾಯಿಗಳೂ ಮುಗಿಯಲಿಲ್ಲ, ರೋಗವೂ ಮುಗಿಯಲಿಲ್ಲ. ಒಂದನ್ನು ತೆಗೆದ ಜಾಗಕ್ಕೆ, ತಿಪ್ಪೆ ಇರುವವರೆಗೆ, ಇನ್ನೊಂದು ಬರುತ್ತದೆ. ಬಂದದ್ದು ಲಸಿಕೆ ಕಾಣದ ಹೊಸ ನಾಯಿ. ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆ ಕೊಲ್ಲುವ ಬದಲು ಸಂತಾನಹರಣ ಮಾಡಿ ಲಸಿಕೆ ಹಾಕಿ ಅಲ್ಲೇ ಬಿಡೋಣ ಎಂದು 1964ರಲ್ಲೇ ಹೇಳಿತ್ತು. ನಗರಪಾಲಿಕೆ ಅದನ್ನು ಒಪ್ಪಲು ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 2001ರಲ್ಲಿ ಇಡೀ ದೇಶಕ್ಕೆ ಅದೇ ನಿಯಮವಾಯಿತು.

ನಿಯಮವಾಯಿತು, ಸರಿ. ಮಾಡುವವರು ಯಾರು? ಇಲ್ಲಿ ಒಂದು ಸಣ್ಣ ಮಾತನ್ನು ಹೇಳಿಬಿಡುತ್ತೇನೆ. ಸರಕಾರದ ಪಶುವೈದ್ಯಶಾಲೆಗೆ ಕನ್ನಡದ ಜನ ‘ದನದ ಆಸ್ಪತ್ರೆ’ ಎನ್ನುತ್ತಾರೆ. ತೆಲುಗರಿಗೆ ಅದು ‘ಪಶುವುಲ ಆಸ್ಪತ್ರಿ’. ಮಲಯಾಳದಲ್ಲಿ ಮಾತ್ರ ‘ಮೃಗಾಶುಪತ್ರಿ’, ಅಂದರೆ ಹೆಸರಿನಲ್ಲಾದರೂ ನಾಯಿಗೆ ಜಾಗವಿದೆ! ಹೆಸರಿನ ಹಿಂದೆ ಚರಿತ್ರೆಯಿದೆ. ಈ ಇಲಾಖೆ ಬೆಳೆದದ್ದು ದೊಡ್ಡರೋಗದಿಂದ ಎತ್ತು ಹಸುಗಳನ್ನು ಉಳಿಸುವುದಕ್ಕೆ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಸೀರಂ ಸಂಸ್ಥೆ ಆರಂಭವಾದದ್ದೂ ಅದಕ್ಕೇ. ದೇಶದಲ್ಲೇ ಅತಿ ಕಡಿಮೆ ಮಳೆಯ ಸೀಮೆಗಳಲ್ಲಿ ಒಂದಾದ ಕಲ್ಯಾಣದುರ್ಗದಲ್ಲಿ ಡಾಕ್ಟರು ಕುರಿ, ಎಮ್ಮೆ, ಎತ್ತನ್ನು ಮೊದಲು ನೋಡಿದರೆ ತಪ್ಪೆನ್ನಲಾಗದು. ಅಲ್ಲಿ ಕುರಿಯೇ ಬದುಕು. ನಾಯಿಯ ಕಜ್ಜಿಯೂ ಹುಳುಬಿದ್ದ ಗಾಯವೂ ದೊಡ್ಡ ಖರ್ಚಿನವಲ್ಲ. ಆದರೆ ಜನನಾಂಗದ ಗಂತಿಗೆ ವಾರಕ್ಕೊಂದರಂತೆ ಹಲವು ವಾರ ಇಂಜೆಕ್ಷನ್ ಬೇಕು. ಪ್ರತಿ ವಾರವೂ ಅದೇ ನಾಯಿಯನ್ನು ಹಿಡಿದು ತರಬೇಕು, ಮದ್ದನ್ನು ಹೊರಗಿನಿಂದ ಕೊಳ್ಳಬೇಕು. ಅನ್ನ ಹಾಕುವ ಮುದುಕಿಯೊಬ್ಬಳಿಗೆ ಇದು ಆಗುವ ಮಾತೆ?

ಆ ಸೀಮೆಯಲ್ಲಿ ಈ ಕೊರತೆಯನ್ನು ತುಂಬಲು ಹೊರಟವರು ಹೊರಗಿನಿಂದ ಬಂದವರು ಎಂಬುದು ಗಮನಿಸತಕ್ಕದ್ದು. ಡಚ್ ಮಹಿಳೆ ಕ್ಲೆಮೆಂಟಿನ್ ಪಾವ್ಸ್ 2000ದಲ್ಲಿ ಪುಟ್ಟಪರ್ತಿಯಲ್ಲಿ ‘ಕರುಣಾ ಸೊಸೈಟಿ’ಯನ್ನು ಸ್ಥಾಪಿಸಿದರು. ಬಿದ್ದ ದನ, ಕತ್ತೆ, ಬೀದಿನಾಯಿ ಎಲ್ಲಕ್ಕೂ ಆಶ್ರಯ, ಆಸ್ಪತ್ರೆ, ನಾಯಿಗಳಿಗೆ ಸಂತಾನಹರಣ ಮತ್ತು ಲಸಿಕೆ. ಹಸುಗಳ ಹೊಟ್ಟೆಯಿಂದ ಕಿಲೋಗಟ್ಟಲೆ ಪ್ಲಾಸ್ಟಿಕ್ ತೆಗೆದು, 2012ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದವರೂ ಇವರೇ. ಈಗ ಹಿಂದೂಪುರವೂ ಪುಟ್ಟಪರ್ತಿಯೂ ಒಂದೇ ಜಿಲ್ಲೆ. ಆದರೂ ಹಿಂದೂಪುರದಿಂದ ಗಾಯಗೊಂಡ ನಾಯಿಯನ್ನು ಒಯ್ಯಲು ಬಾಡಿಗೆ ವಾಹನವೇ ಬೇಕು, ಕಲ್ಯಾಣದುರ್ಗಕ್ಕೆ ಇನ್ನೂ ದೂರ. ದಾನದ ಹಣದಿಂದ ನಡೆಯುವ ಒಂದು ಆಸ್ಪತ್ರೆ ಎಷ್ಟು ಊರುಗಳನ್ನು ಹೊತ್ತೀತು?

ಲೆಕ್ಕವನ್ನೇ ನೋಡೋಣ. ಹುಚ್ಚು ಹಿಡಿದ ಒಂದು ನಾಯಿ ಹತ್ತು ಜನರನ್ನು ಕಚ್ಚಿದರೆ ಹತ್ತು ಜನರಿಗೂ ಹಲವು ಸರದಿಯ ಲಸಿಕೆ, ಗಾಯ ಆಳವಾಗಿದ್ದರೆ ಸೀರಂ ಬೇರೆ, ಅಷ್ಟು ದಿನದ ಕೂಲಿಯೂ ಹೋಯಿತು. ಅದೇ ನಾಯಿಗೆ ಮೊದಲೇ ಹಾಕಬೇಕಾಗಿದ್ದುದು ವರ್ಷಕ್ಕೊಂದು ಸೂಜಿ. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಣಿ ಕಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೋವಾದಲ್ಲಿ ಸರಕಾರವೂ ಮಿಷನ್ ರೇಬೀಸ್ ಸಂಸ್ಥೆಯೂ ಸೇರಿ ಬೀದಿ ಬೀದಿ ತಿರುಗಿ ಇದನ್ನು ಮಾಡಿ ತೋರಿಸಿದವು. 2021ರಲ್ಲಿ ಆ ರಾಜ್ಯವನ್ನು ರೇಬೀಸ್ ಹತೋಟಿಯ ಪ್ರದೇಶವೆಂದು ಘೋಷಿಸಲಾಯಿತು.

ಆದರೆ ಎಪ್ಪತ್ತನ್ನು ಎಣಿಸುವುದು ಯಾವ ನೂರರಲ್ಲಿ? 2023ರ ಹೊಸ ನಿಯಮಗಳೂ ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆಯೇ ಇಟ್ಟಿವೆ. ಹಿಂದೂಪುರ ತನ್ನ ನಾಯಿಗಳನ್ನು ಎಣಿಸಬಹುದು, ಗೌರಿಬಿದನೂರು ತನ್ನವನ್ನು. ನಡುವಿನ ಹಳ್ಳಿಗಳ ನಾಯಿಗಳು ಬೆಳಿಗ್ಗೆ ಒಂದು ರಾಜ್ಯದಲ್ಲಿ, ರಾತ್ರಿ ಇನ್ನೊಂದರಲ್ಲಿ. ತಲಪಾಡಿಯ ಆಚೀಚೆ ಇರುವ ನಮಗೆ ಇದು ಹೊಸ ಮಾತಲ್ಲ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಚಿಕಿತ್ಸೆಯಾದ ನಾಯಿಗಳನ್ನು, ರೇಬೀಸಿನವೂ ಮೇಲೆ ಬೀಳುವವೂ ಅಲ್ಲದಿದ್ದರೆ, ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಹಿಡಿದವನ್ನು ಮರಳಿ ಅಲ್ಲಿಗೆ ಬಿಡಕೂಡದೆಂದಿತು. ಎರಡಕ್ಕೂ ಬೇಕಾದದ್ದು ಶಸ್ತ್ರಚಿಕಿತ್ಸೆಯ ಕೋಣೆ, ನಾಯಿ ಹಿಡಿಯಲು ಕಲಿತ ನಾಲ್ಕು ಜನ, ಗೂಡುಗಳು, ತಂಪುಪೆಟ್ಟಿಗೆಯಲ್ಲಿ ಲಸಿಕೆ. ಎರಡು ಜಿಲ್ಲೆಗಳ ಪಶುಸಂಗೋಪನಾ ಇಲಾಖೆಗಳೂ ಪಾವಗಡ, ಗೌರಿಬಿದನೂರಿನ ಕಡೆಯವರೂ ಒಂದೇ ತಿಂಗಳಲ್ಲಿ ಲಸಿಕೆ ಹಾಕಲು ದಿನ ಗೊತ್ತುಮಾಡಿಕೊಂಡರೆ ಅದೇ ಕೋಣೆ, ಅದೇ ಜನ ಎರಡು ರಾಜ್ಯಗಳಿಗೂ ಸಾಕು. ಆ ಪತ್ರವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆಯಬಲ್ಲವರು ಆ ಊರುಗಳ ನಮ್ಮವರೇ.